ಮಗಳು ಜ್ವಾಲಾಮುಖಿಯ ಊರಿಗೆ ಸೇವೆಗೆ ಹೊರಟಿದ್ದಾಳೆ, ಬಲ್ಲವರು ತಿಳಿಸಿ

ಇಳಕಲ್ ತಾಯಿ:
ಎಲ್ಲರಿಗೂ ನಮಸ್ಕಾರ. ನನ್ನ ಹಿರಿಯ ಮಗಳಿಗೆ 24 ವರ್ಷ. ನರ್ಸಿಂಗ್ ಮುಗಿಸಿ ಬಾಗಲಕೋಟೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ನಮ್ಮ ಕ್ರೈಸ್ತ ಸಭೆಯ ಮೂಲಕ ಹೊರದೇಶದ ಮಿಷನ್ ಸೇವೆಗೆ ಅರ್ಜಿ ಹಾಕಿದ್ದಳು, ಈಗ ಆಯ್ಕೆಯಾಗಿದೆ. ಎರಡು ವರ್ಷ ಪಪುವಾ ನ್ಯೂಗಿನಿ ದೇಶದ ರಬೌಲ್ ಎಂಬ ಊರಿನ ಹತ್ತಿರ ಇರಬೇಕಂತೆ. ಆ ಹೆಸರನ್ನು ನಾವು ಕೇಳಿಯೇ ಇರಲಿಲ್ಲ. ಅವಳ ತಮ್ಮ ಮೊಬೈಲ್‌ನಲ್ಲಿ ಹುಡುಕಿದಾಗ ಮೊದಲು ಕಂಡದ್ದೇ 1994ರ ಫೋಟೋಗಳು. ಊರಿಗೆ ಊರೇ ಬೂದಿಯಲ್ಲಿ ಹೂತುಹೋಗಿದೆ, ಮನೆಗಳ ಮಾಡು ಕುಸಿದು ಬಿದ್ದಿದೆ. ಅಂದಿನಿಂದ ನನಗೆ ನಿದ್ದೆ ಇಲ್ಲ.

ಅವಳ ಅಪ್ಪ ಹೋಗು ಎಂದೂ ಹೇಳುತ್ತಿಲ್ಲ, ಬೇಡ ಎಂದೂ ಹೇಳುತ್ತಿಲ್ಲ. ಮಗ್ಗದ ಮುಂದೆ ಕುಳಿತವರು ಕೈಯಲ್ಲಿ ಲಾಳಿ ಹಿಡಿದು ಹಾಗೆಯೇ ಇದ್ದುಬಿಡುತ್ತಾರೆ. ಮಗಳು ಮಾತ್ರ ಗಟ್ಟಿಯಾಗಿದ್ದಾಳೆ, "ಅವ್ವ, ಅಲ್ಲಿಯೂ ಮಕ್ಕಳು ಹುಟ್ಟುತ್ತಾರೆ, ಅವರಿಗೂ ನರ್ಸ್ ಬೇಕು" ಎನ್ನುತ್ತಾಳೆ. ನಾನು ತಡೆಯಬೇಕೋ, ಕಳಿಸಬೇಕೋ ತಿಳಿಯುತ್ತಿಲ್ಲ. ಅಂಥ ಕಡೆ ಇದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಶಹಾಪುರ, ಬೆಳಗಾವಿ:
ಅಕ್ಕ, ನೊಂದುಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಸೇವೆ ಮಾಡಲು ಬೆಂಕಿ ಕಾರುವ ಗುಡ್ಡದ ಬುಡಕ್ಕೇ ಹೋಗಬೇಕೇ? ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಬಸುರಿಯರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ರಸ್ತೆಗೆ ತರುತ್ತಾರೆ. ಅಲ್ಲಿಗೆ ಒಬ್ಬ ನರ್ಸ್ ಹೋದರೆ ಅದೂ ದೇವರ ಕೆಲಸವೇ. ಹೆತ್ತವರ ಜೀವ ಕೈಯಲ್ಲಿ ಹಿಡಿಸಿ ಹೋಗುವ ಸೇವೆ ನನಗೆ ಒಪ್ಪಿಗೆಯಾಗುವುದಿಲ್ಲ.

ಗುಳೇದಗುಡ್ಡದವಳು:
ಅಕ್ಕ, ನಾನು ಇದ್ದು ಬಂದವಳು. ಊರು ಗುಳೇದಗುಡ್ಡ, ಖಣ ನೇಯುವ ಮನೆತನ. 2013ರ ಕೊನೆಯಿಂದ ಎರಡು ವರ್ಷ ಅದೇ ರಬೌಲ್ ಭಾಗದ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೆ. ಆಗ ನನಗೆ 25. ನಮ್ಮ ಅವ್ವನೂ ನಿಮ್ಮಂತೆಯೇ ನಿದ್ದೆಗೆಟ್ಟಿದ್ದಳು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ರಬೌಲ್ ಒಂದು ಕೊಲ್ಲಿಯ ದಂಡೆಯಲ್ಲಿದೆ. ಕೊಲ್ಲಿ ಎಂದರೆ ಹಳೆಯ ಕಾಲದ ದೊಡ್ಡ ಜ್ವಾಲಾಮುಖಿ ಕುಸಿದು ಆದ ತಗ್ಗು, ಅದರೊಳಗೆ ಸಮುದ್ರ ನುಗ್ಗಿ ಬಂದರಾಗಿದೆ. ಸುತ್ತಲಿನ ಬೆಟ್ಟಗಳಲ್ಲಿ ಮೂರನ್ನು ತಾಯಿ, ಉತ್ತರದ ಮಗಳು, ದಕ್ಷಿಣದ ಮಗಳು ಎಂದು ಕರೆಯುತ್ತಾರೆ. ಆ ತಾಯಿ, ಮಕ್ಕಳು ಹಸಿರಾಗಿ, ಸುಮ್ಮನೆ ನಿಂತಿದ್ದಾರೆ. ಕಾರುವುದು ಅವರ ಕಾಲಬುಡದಲ್ಲಿರುವ ಟವುರ್ವುರ್ ಎಂಬ ಗಿಡ್ಡ ಬೋಳು ಗುಡ್ಡ. ಎತ್ತರ ಇನ್ನೂರು ಮೀಟರಿನ ಆಸುಪಾಸು ಅಷ್ಟೇ. ಮೊದಲ ಸಲ ನೋಡಿದಾಗ ಇಷ್ಟಕ್ಕೇ ಅವ್ವ ಹೆದರಿದಳೇ ಎನಿಸಿತ್ತು.

ಆ ಗುಡ್ಡದ ಬುಡದ ಮರಳು ಸದಾ ಬಿಸಿ. ಕಾಡುಕೋಳಿಯಂಥ ಒಂದು ಹಕ್ಕಿ ಅಲ್ಲಿ ಕಾವು ಕೂರುವುದೇ ಇಲ್ಲ, ಮೊಟ್ಟೆಯನ್ನು ಬಿಸಿ ಮರಳಿನಲ್ಲಿ ಹೂತು ಹೊರಟುಹೋಗುತ್ತದೆ. ಮಟುಪಿಟ್ ಎಂಬ ದ್ವೀಪದ ಗಂಡಸರು ಹೋಗಿ ಮರಳು ತೋಡಿ ಆ ಮೊಟ್ಟೆಗಳನ್ನು ತೆಗೆದು ಸಂತೆಯಲ್ಲಿ ಮಾರುತ್ತಾರೆ. ಬಾಣಂತಿಯೊಬ್ಬಳ ಮಾವ ನನಗೆ ಒಂದು ಮೊಟ್ಟೆ ತಂದುಕೊಟ್ಟಿದ್ದ. ಅಂಗೈ ತುಂಬಿತ್ತು, ಚಿಪ್ಪಿಗೆ ಮರಳು ಅಂಟಿತ್ತು, ಇನ್ನೂ ಬೆಚ್ಚಗಿತ್ತು. ಗುಡ್ಡ ಎಂದರೆ ಅಲ್ಲಿಯವರಿಗೆ ಬರೀ ಹೆದರಿಕೆಯಲ್ಲ, ಅದರ ಬಿಸಿಯಲ್ಲಿ ಬೆಂದದ್ದನ್ನು ಉಂಡು ಬೆಳೆದವರು ಅವರು ಎಂಬುದು ಅಂದು ನನಗೆ ತಿಳಿಯಿತು.

ಇನ್ನು ಗುಡ್ಡ ಕಾರಿದ ದಿನ. 2014ರ ಆಗಸ್ಟ್ 29, ಆ ವರ್ಷದ ಗಣೇಶ ಚತುರ್ಥಿ. ನಸುಕಿನ ಮೂರೂವರೆ ದಾಟಿರಬೇಕು, ಕಿಟಕಿಯ ಗಾಜಿನ ಪಟ್ಟಿಗಳು ಕಟಕಟ ನಡುಗಿ ಎಚ್ಚರವಾಯಿತು. ಅಲ್ಲಿ ಭೂಕಂಪಕ್ಕೆ ಗುರಿಯ ಎನ್ನುತ್ತಾರೆ, ಅದು ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಇದು ಬೇರೆ. ಹೊರಗೆ ಬಂದರೆ ಗುಡ್ಡದ ತಲೆಯ ಮೇಲೆ ಕೆಂಡ ಚಿಮ್ಮುತ್ತಿತ್ತು, ಒಂದೊಂದು ಗುಡುಗಿಗೂ ಎದೆಗೆ ಗುದ್ದಿದ ಹಾಗಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬೂದಿ ಶುರುವಾಯಿತು. ತಗಡಿನ ಮಾಡಿನ ಮೇಲೆ ಯಾರೋ ಮೇಲಿನಿಂದ ರವೆ ಸುರಿಯುತ್ತಿದ್ದ ಹಾಗೆ ಸದ್ದು. ಬೆಳಗಾಗುವ ಹೊತ್ತಿಗೆ ಬೆಳಕೇ ಆಗಲಿಲ್ಲ. ಆ ತಿಂಗಳುಗಳಲ್ಲಿ ಗಾಳಿ ಆಗ್ನೇಯದಿಂದ ಬೀಸುತ್ತದೆ, ಬೂದಿಯೆಲ್ಲ ನೇರ ರಬೌಲ್ ಪಟ್ಟಣದ ಮೇಲೆ.

ನನ್ನ ತಪ್ಪನ್ನು ಇಲ್ಲಿ ಬರೆಯಲೇಬೇಕು. ನಾನು ಬಂದ ಮೊದಲ ವಾರವೇ ಹೇಳಿದ್ದರು: ವಾಹನ ಬಂದಾಗ ಹತ್ತಬೇಕು, ಎರಡನೆಯ ಮಾತಿಲ್ಲ. ವಾಹನ ಬಂತು. ನಾನು ಹತ್ತಲಿಲ್ಲ. ಕೇಂದ್ರದ ಫ್ರಿಜ್‌ನಲ್ಲಿ ಮಕ್ಕಳ ಲಸಿಕೆ ಇದೆ ಎಂದು ನೆನಪಾಗಿ, ಪೆಟ್ಟಿಗೆ ತರುತ್ತೇನೆ ಎಂದು ಓಡಿದೆ. ಆ ಗಳಿಗೆಯಲ್ಲಿ ಅದು ನನಗೆ ದೊಡ್ಡ ಸೇವೆಯಾಗಿ ಕಂಡಿತ್ತು. ವಾಹನ ಓಡಿಸುತ್ತಿದ್ದ ಹಿರಿಯರಿಗೆ ಉಬ್ಬಸ ಇತ್ತು, ಅದು ನನಗೆ ಗೊತ್ತಿತ್ತು, ಅವರಿಗೆ ಔಷಧ ಕೊಡುತ್ತಿದ್ದವಳೇ ನಾನು. ನನ್ನನ್ನು ಹುಡುಕಿಕೊಂಡು ಅವರು ಮುಖಕ್ಕೆ ಟವೆಲ್ ಸುತ್ತಿ ಆ ಬೂದಿಯಲ್ಲಿ ನಡೆದು ಬಂದರು. ವಾಹನದಲ್ಲಿ ಹನ್ನೊಂದು ಜನ ಕಾಯುತ್ತಿದ್ದರು, ಅವರಲ್ಲಿ ಎಂಟು ದಿನದ ಕೂಸೊಂದಿತ್ತು. ಹತ್ತಿರದ ಕೊಕೊಪೊ ಪಟ್ಟಣ ತಲುಪಿದ ಮೇಲೆ ಮೂರು ದಿನ ಆ ಹಿರಿಯರು ಕೂತೇ ಉಸಿರಾಡಿದರು. ರಾತ್ರಿಯೆಲ್ಲ ಅವರ ಬೆನ್ನು ನೀವುತ್ತ ನಾನು ಅತ್ತದ್ದು ಅವರಿಗೆ ಕಾಣದಿರಲಿ ಎಂದು ದೀಪ ಸಣ್ಣ ಮಾಡಿದ್ದೆ.

ಅವರ ಹೆಂಡತಿ ಬೈಯಲಿಲ್ಲ. "ಮಗಳೇ, ನಿನ್ನನ್ನು ಇಲ್ಲಿಗೆ ಕರೆದವರು ನಾವು. ನಾವು ಹತ್ತು ಎಂದಾಗ ಹತ್ತಬೇಕು" ಎಂದಷ್ಟೇ ಹೇಳಿದರು. ನಿಮ್ಮ ಮಗಳಿಗೆ ನಾನು ಹೇಳಬೇಕಾದ ಮಾತು ಇದೊಂದೇ ಅಕ್ಕ. ಧೈರ್ಯ ತೋರಿಸಲು ಹೋಗಬಾರದು. ಆ ಗುಡ್ಡವನ್ನು ನಾವು ಬಲ್ಲವರಲ್ಲ, ಅವರು ಬಲ್ಲವರು. ಅವರು ಹೇಳಿದ ಹಾಗೆ ಕೇಳುವುದೇ ಅಲ್ಲಿ ಸೇವೆಯ ಅರ್ಧ ಭಾಗ.

ವಿಜಯಪುರದ ಮೇಷ್ಟ್ರು:
ಗುಳೇದಗುಡ್ಡದ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ನಾನು ಭೂವಿಜ್ಞಾನ ಕಲಿಸುವವನು, ತಾಯಿಯ ಹೆದರಿಕೆಗೆ ಒಂದಿಷ್ಟು ಲೆಕ್ಕ ಕೊಡುತ್ತೇನೆ.

ರಬೌಲ್ ಕೊಲ್ಲಿಯ ಆ ಕಡೆ ವಲ್ಕನ್ ಎಂಬ ಇನ್ನೊಂದು ಜ್ವಾಲಾಮುಖಿ, ಈ ಕಡೆ ಟವುರ್ವುರ್. 1878, 1937, 1994, ಮೂರು ಸಲವೂ ಎರಡೂ ಒಟ್ಟಿಗೆ ಕಾರಿವೆ. 1937ರಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. 1994ರಲ್ಲಿ, ನೀವು ಫೋಟೋ ನೋಡಿ ಬೆಚ್ಚಿದ ಆ ಸಲ, ಸತ್ತವರು ಐದು ಜನ. ಊರು ಹೋಯಿತು, ಜನ ಉಳಿದರು. 1937ರ ನಂತರ ಅಲ್ಲಿ ಜ್ವಾಲಾಮುಖಿ ವೀಕ್ಷಣಾಲಯ ಬಂತು. 1983ರಿಂದ 85ರ ನಡುವೆ ನೆಲ ಬಹಳ ಅಲುಗಿ, ಇನ್ನೇನು ಸಿಡಿಯುತ್ತದೆ ಎಂದು ಊರು ಬಿಡುವ ತಾಲೀಮು ನಡೆಯಿತು. ಆಗ ಏನೂ ಸಿಡಿಯಲಿಲ್ಲ. ಸುಳ್ಳು ಭಯ ಎಂದು ಜನ ಅದನ್ನು ಮರೆಯಬಹುದಿತ್ತು, ಮರೆಯಲಿಲ್ಲ. 1994ರ ಸೆಪ್ಟೆಂಬರ್ 18ರ ನಸುಕಿಗೆ ಜೋರಾಗಿ ಕಂಪಿಸಿ, ದಿನವಿಡೀ ನಡುಕ ನಿಲ್ಲದೆ ಹೋದಾಗ ಹತ್ತಾರು ಸಾವಿರ ಜನ ರಾತ್ರಿಯೇ ಹೊರಟರು. ಮರುದಿನ ಬೆಳಿಗ್ಗೆ ಆರರ ಸುಮಾರಿಗೆ ಟವುರ್ವುರ್, ಒಂದು ಗಂಟೆಯ ಮೇಲೆ ವಲ್ಕನ್ ಸಿಡಿದವು. ಆಗ ಪಟ್ಟಣ ಬಹುಮಟ್ಟಿಗೆ ಖಾಲಿಯಾಗಿತ್ತು. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ಹೇಳುವಾಗಲೆಲ್ಲ ಆ ಜನರ ಬಗ್ಗೆ ಗೌರವ ಹೆಚ್ಚುತ್ತದೆ.

ಬೂದಿ ಎಂಬ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಒಲೆಯ ಬೂದಿಯಲ್ಲ, ನುಣ್ಣಗಾದ ಕಲ್ಲು ಮತ್ತು ಗಾಜಿನ ಚೂರು. ನೀರಿನಲ್ಲಿ ಕರಗುವುದಿಲ್ಲ. ಒಣ ಬೂದಿ ಒಂದು ಗೇಣಿನ ಅರ್ಧದಷ್ಟು, ಅಂದರೆ 10 ಸೆಂಟಿಮೀಟರ್ ಬಿದ್ದರೆ ಚದರ ಮೀಟರಿಗೆ 40ರಿಂದ 70 ಕಿಲೋ ಭಾರ. ಮಳೆ ಸೇರಿದರೆ ನೂರು ದಾಟುತ್ತದೆ. 1994ರಲ್ಲಿ ಸತ್ತವರಲ್ಲಿ ಹೆಚ್ಚಿನವರು ಮಾಡು ಕುಸಿದು ಸತ್ತರು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನ ಮಳೆಯಲ್ಲಿ ಮೇಲ್ಮುದ್ದೆ ನೆನೆದು, ತೊಲೆ ಮುರಿದು ಎಷ್ಟು ಮನೆಗಳು ಕೂತುಬಿಟ್ಟವು ಎಂಬುದನ್ನು ನಾವೆಲ್ಲ ಕಂಡಿದ್ದೇವೆ.

ಇನ್ನೊಂದು ಸಂಗತಿ, ಮಗಳಿಗೆ ಹೇಳಿ. ವಿಜಯಪುರದ ಎರೆ ಹೊಲವೂ ಹಿಂದೊಮ್ಮೆ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಪದರ ಪದರವಾಗಿ ಹರಿದ ಕಲ್ಲು ಸವೆದು ಈ ಕಪ್ಪು ಮಣ್ಣಾಗಿದೆ. ಗೋಳಗುಮ್ಮಟ ಕಟ್ಟಿದ್ದೂ ಅದೇ ಕರಿಕಲ್ಲಿನಿಂದ. ನಮ್ಮದು ತೆಳುವಾಗಿ ಹರಿದ ಲಾವಾ, ರಬೌಲ್‌ನದು ಅಂಟಂಟಾಗಿ ಅನಿಲ ತುಂಬಿಕೊಂಡು ಸಿಡಿಯುವ ಜಾತಿ. ನಮ್ಮ ಡೋಣಿ ಹೊಳೆಯ ಬಗ್ಗೆ "ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" ಎನ್ನುವ ನೆಲದಿಂದ ಹೋದವಳಿಗೆ ಅಲ್ಲಿನ ತೋಟಗಳು ಏಕೆ ಅಷ್ಟು ಸೊಂಪಾಗಿವೆ ಎಂದು ಬೇಗ ತಿಳಿಯುತ್ತದೆ.

ಶಹಾಪುರ, ಬೆಳಗಾವಿ:
ಮೇಷ್ಟ್ರೆ, ಐದು ಜನ ಎಂಬುದು ಗೊತ್ತಿರಲಿಲ್ಲ. ಆದರೂ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಜನರೆಲ್ಲ ಅಷ್ಟು ತಿಳಿದವರಾದರೆ ಇಲ್ಲಿಂದ ಒಬ್ಬ ಹುಡುಗಿ ಹೋಗಿ ಮಾಡುವುದು ಏನು? ಮತ ಹೇಳುವುದೇ?

ಗುಳೇದಗುಡ್ಡದವಳು:
ಅಣ್ಣ, ಕೇಳಿದ್ದು ಒಳ್ಳೆಯದಾಯಿತು. ಆ ದೇಶದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ಈಗಾಗಲೇ ಕ್ರೈಸ್ತರು. ಅವರು ಹಾಡುವ ಕೀರ್ತನೆ ಕೇಳಿದರೆ ನಾವೇ ಅವರಿಂದ ಕಲಿಯಬೇಕು ಎನಿಸುತ್ತದೆ. ನಾನು ಮಾಡಿದ್ದು ಬಸುರಿಯರ ತಪಾಸಣೆ, ಹೆರಿಗೆ, ಲಸಿಕೆ, ಗಾಯಕ್ಕೆ ಪಟ್ಟಿ, ಕ್ಷಯರೋಗಿಗಳಿಗೆ ದಿನವೂ ಮಾತ್ರೆ ನುಂಗಿಸುವುದು. ರವಿವಾರ ಆರಾಧನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ.

ಆ ಭಾಗಕ್ಕೆ 1875ರಲ್ಲಿ ಜಾರ್ಜ್ ಬ್ರೌನ್ ಎಂಬ ಮೆಥೊಡಿಸ್ಟ್ ಮಿಷನರಿಯ ಜೊತೆಗೆ ಫಿಜಿ ದ್ವೀಪದ ಯುವಕರು ಬಂದರು. ಅಲ್ಲಿ ಜೀವಕ್ಕೆ ಅಪಾಯವಿದೆ ಎಂದು ಮೊದಲೇ ತಿಳಿಸಿದ್ದರೂ ಹೊರಟವರು. 1878ರಲ್ಲಿ ಫಿಜಿಯಿಂದ ಬಂದ ನಾಲ್ವರನ್ನು ತೊಲಾಯ್ ಎಂಬ ಸ್ಥಳೀಯ ಜನ ಕೊಂದರು. 2007ರಲ್ಲಿ, ಅಂದರೆ 129 ವರ್ಷಗಳ ನಂತರ, ತೊಲಾಯ್ ಜನ ಫಿಜಿಯ ಪ್ರತಿನಿಧಿಯನ್ನು ಕರೆಸಿ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ನಾನು ಹೋದಾಗ ಈ ಕಥೆಯನ್ನು ಚಿಕ್ಕ ಮಕ್ಕಳೂ ಹೇಳುತ್ತಿದ್ದರು. ಹೊರಗಿನಿಂದ ಬಂದವರ ಜೀವದ ಬಗ್ಗೆ ಅವರಿಗೆ ಇಷ್ಟು ಕಾಳಜಿ ಏಕೆ ಎಂಬುದು ನನಗೆ ಆಗ ಅರ್ಥವಾಯಿತು.

ಖಾನಾಪುರದ ಹಳ್ಳಿಗಳ ಮಾತು ಸತ್ಯ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಗುಳೇದಗುಡ್ಡಕ್ಕೆ 1851ರಲ್ಲಿ ಬಾಸೆಲ್ ಮಿಷನ್‌ನವರು ಬಂದಾಗ ಅವರ ತಾಯಂದಿರೂ ನಮ್ಮ ಊರಿನಲ್ಲಿಯೇ ಬಡವರಿಲ್ಲವೇ ಎಂದು ಕೇಳಿರಬಹುದು. ನಮ್ಮ ಮುತ್ತಜ್ಜಿ ಓದು ಕಲಿತದ್ದು ಆ ಜನರಿಂದ. ಪಡೆದುಕೊಂಡ ಊರಿನಿಂದ ಒಬ್ಬಳಾದರೂ ಎರಡು ವರ್ಷ ಹೋಗಿ ಬರಲಿ ಎಂಬ ಆಸೆ ನನಗಿತ್ತು. ಬಂದ ಮೇಲೆ ಇಲ್ಲಿನ ಹಳ್ಳಿಗಳಲ್ಲೇ ಕೆಲಸ ಮಾಡುತ್ತಿದ್ದೇನೆ.

ಇಳಕಲ್ ತಾಯಿ:
ತಂಗಿ, ನಿನ್ನ ಬರಹವನ್ನು ಅವಳ ಅಪ್ಪನಿಗೆ ಓದಿ ಹೇಳಿದೆ. ಆ ಹಿರಿಯರ ಉಬ್ಬಸದ ಮಾತು ಬಂದಾಗ ಎದ್ದು ಹೊರಗೆ ಹೋದರು. ಆಮೇಲೆ ಬಂದು, ನಿನ್ನ ಅಪ್ಪ ಅವ್ವನಿಗೆ ಅಂದು ಸುದ್ದಿ ಹೇಗೆ ತಲುಪಿತು ಎಂದು ಕೇಳು ಎಂದರು.

ಗುಳೇದಗುಡ್ಡದವಳು:
ಅಕ್ಕ, ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಕೊಕೊಪೊಗೆ ಬಂದು, ಸಾಲಿನಲ್ಲಿ ನಿಂತು ಫೋನ್ ಸಿಕ್ಕಾಗ ಬೆಳಗಿನ ಹತ್ತೂವರೆ. ನಮ್ಮಲ್ಲಿ ಆರು. ಅಪ್ಪ ಫೋನ್ ಎತ್ತಿದಾಗ ಹಿಂದೆ ಡೊಳ್ಳಿನ ಸದ್ದು, ಓಣಿಯಲ್ಲಿ ಗಣಪತಿ ತರುತ್ತಿದ್ದರು. ನಾನು ಗುಡ್ಡ ಸಿಡಿಯಿತು, ನಾನು ಚೆನ್ನಾಗಿದ್ದೇನೆ ಎಂದೆ. ಅಪ್ಪನಿಗೆ ಕೇಳಿಸಲಿಲ್ಲ. ಏನು, ಏನು ಎನ್ನುತ್ತಲೇ ಒಳಗಿನ ಕೋಣೆಗೆ, ಮಗ್ಗದ ಕುಣಿಯ ಹತ್ತಿರ ಹೋಗಿ ಕುಳಿತರು. ಎರಡನೆಯ ಸಲ ಹೇಳಿದಾಗ ಕೇಳಿಸಿತು. ಬಹಳ ಹೊತ್ತು ಮಾತಿಲ್ಲ. ಆಮೇಲೆ "ಉಂಡೆಯಾ?" ಎಂದರು. ಇಲ್ಲ ಎಂದೆ. "ಮೊದಲು ಉಣ್ಣು" ಎಂದರು.

ಟಿವಿಯಲ್ಲಿ ನೋಡುವುದಕ್ಕಿಂತ ಮೊದಲು ನನ್ನ ಬಾಯಿಂದಲೇ ಕೇಳಿದ್ದು ಅವರಿಗೆ ದೊಡ್ಡ ಸಮಾಧಾನವಾಗಿತ್ತಂತೆ. ಆದ್ದರಿಂದ ಹೊರಡುವ ಮೊದಲೇ ಮಾತು ಮಾಡಿಕೊಳ್ಳಿ, ಏನೇ ಆದರೂ ಮಗಳು ಎರಡು ಸಾಲಿನ ಸಂದೇಶ ಕಳಿಸಬೇಕು. ಮುಚ್ಚಿಡಬಾರದು. ನಾನು ಉಬ್ಬಸದ ಹಿರಿಯರ ವಿಷಯವನ್ನು ಆರು ತಿಂಗಳು ಮನೆಗೆ ಬರೆಯಲಿಲ್ಲ, ಅದು ಒಳಗೇ ಕೊರೆಯಿತು.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಗುಡ್ಡದಿಂದ ನನಗೆ ಒಂದು ಗಾಯವೂ ಆಗಲಿಲ್ಲ. ಮಲೇರಿಯಾ ಎರಡು ಸಲ ಬಂತು, ಎರಡನೆಯ ಸಲ ಆಸ್ಪತ್ರೆ ಸೇರಿದೆ. ಪಶ್ಚಿಮ ಪೆಸಿಫಿಕ್ ಭಾಗದ ಮಲೇರಿಯಾದಲ್ಲಿ ಬಹುಪಾಲು ಆ ಒಂದೇ ದೇಶದ್ದು. ಸೊಳ್ಳೆ ಪರದೆ ಒಂದು ರಾತ್ರಿಯೂ ತಪ್ಪಬಾರದು, ವೈದ್ಯರು ಬರೆದ ಮಾತ್ರೆಯೂ ತಪ್ಪಬಾರದು. ತಾಯಂದಿರು ಬೆಂಕಿಗೆ ಹೆದರುತ್ತಾರೆ, ಸೊಳ್ಳೆಯನ್ನು ಮರೆಯುತ್ತಾರೆ.

ನವನಗರ, ಬಾಗಲಕೋಟೆ:
ಕೊಕೊಪೊ ಎಂಬ ಹೆಸರು ಎರಡು ಮೂರು ಸಲ ಬಂತು. ಅದು ರಬೌಲ್ ಬಿಟ್ಟವರಿಗಾಗಿ ಆದ ಊರೇ? ನಾವು ಹಳೇ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರು ಬಂದು ಮನೆ, ಅಂಗಡಿ, ಅಜ್ಜ ನೆಟ್ಟ ಬೇವಿನ ಮರ ಎಲ್ಲವನ್ನೂ ಬಿಟ್ಟು ನವನಗರಕ್ಕೆ ಬಂದೆವು. ಹಾಗಾಗಿ ಕೇಳಬೇಕೆನಿಸಿತು.

ಗುಳೇದಗುಡ್ಡದವಳು:
ಹೌದು ಅಣ್ಣ. ಕೊಕೊಪೊ ಮೊದಲೂ ಇತ್ತು, ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆ. 1994ರ ನಂತರ ಪ್ರಾಂತ್ಯದ ಕಚೇರಿಗಳು, ಬ್ಯಾಂಕು, ಅಂಗಡಿಗಳು ಅಲ್ಲಿಗೆ ಹೋದವು. ವಿಮಾನ ನಿಲ್ದಾಣವೂ ಬೂದಿಗೆ ಸಿಕ್ಕಿ ಟೊಕುವಾ ಎಂಬ ಊರಿಗೆ ಬಂತು. ಆದರೆ ಬಂದರು ಆಳವಾಗಿದ್ದರಿಂದ ಹಡಗುಗಳು ಇನ್ನೂ ರಬೌಲ್‌ಗೇ ಬರುತ್ತವೆ, ಅದರ ಜೊತೆಗೆ ಒಂದಿಷ್ಟು ಜನವೂ ಉಳಿದಿದ್ದಾರೆ. ಒಬ್ಬ ಅಜ್ಜಿ ನನ್ನನ್ನು ಹಳೆಯ ಪಟ್ಟಣಕ್ಕೆ ಕರೆದುಕೊಂಡು ಹೋಗಿ, ಹುಲ್ಲು ಬೆಳೆದ ಒಂದು ದಿಬ್ಬದ ಮೇಲೆ ನಿಂತು, "ಇಲ್ಲಿ ಕೆಳಗೆ ನನ್ನ ಅಡುಗೆಮನೆ" ಎಂದಳು. ಕಾಲಿನಿಂದ ಮೆಲ್ಲಗೆ ಮೂರು ಸಲ ತಟ್ಟಿದಳು. ನನಗೆ ಆಗ ಬಾಗಲಕೋಟೆಯ ನೀರೊಳಗಿನ ಓಣಿಗಳು ನೆನಪಾದವು, ನಮ್ಮ ಅತ್ತೆಯ ಮನೆ ಅಲ್ಲಿಯೇ ಇತ್ತು. ಅದನ್ನು ಅವಳಿಗೆ ಹೇಳಿದೆ. ನಿಮ್ಮದು ನೀರಿನ ಕೆಳಗೆ, ನಮ್ಮದು ಬೂದಿಯ ಕೆಳಗೆ ಎನ್ನುತ್ತ ತನ್ನ ಚೀಲದಿಂದ ಅಡಿಕೆ ತೆಗೆದು ಅರ್ಧ ನನಗೆ ಕೊಟ್ಟಳು. ಅವರೂ ನಮ್ಮ ಹಾಗೆ ಸುಣ್ಣ ಹಚ್ಚಿ ಅಡಿಕೆ ಅಗಿಯುವವರು.

ನವನಗರ, ಬಾಗಲಕೋಟೆ:
ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮ ತಂದೆಯೂ ಹೀಗೆಯೇ ದಂಡೆಗೆ ಹೋಗಿ ನಿಲ್ಲುತ್ತಿದ್ದರು. ಆ ಅಜ್ಜಿಯ ಕಾಲು ತಟ್ಟುವುದು ನನ್ನ ಕಣ್ಣ ಮುಂದೆ ಬಂತು. ತಾಯಿ, ಮಗಳನ್ನು ಕಳಿಸಿ. ಊರು ಕಳೆದುಕೊಂಡವರ ಜೊತೆ ಕೂತು ಮಾತು ಕೇಳುವ ಒಬ್ಬರು ಬೇಕಾಗುತ್ತದೆ. ನಮಗೆ ಆಗ ಅಂಥವರು ಹೆಚ್ಚು ಸಿಗಲಿಲ್ಲ.

ಶಹಾಪುರ, ಬೆಳಗಾವಿ:
ಅಕ್ಕ, ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ, ನಾಳೆ ನನ್ನ ಮಗಳೇ ಹೊರಟರೂ ಇದೇ ಮಾತು ಹೇಳುತ್ತೇನೆ. ಆದರೆ ಕಳಿಸುವುದಾದರೆ ಒಂದು ಕೆಲಸ ಮಾಡಿ. ಅಲ್ಲಿ ವಾಹನ ಓಡಿಸುವವರು ಯಾರು, ಊರು ಬಿಡಬೇಕಾದರೆ ಎಲ್ಲಿಗೆ ಹೋಗುತ್ತಾರೆ, ಯಾರ ಮನೆಯಲ್ಲಿ ಉಳಿಯುತ್ತಾರೆ ಎಂಬುದನ್ನು ಕಳಿಸುವ ಸಂಸ್ಥೆಯವರಿಂದ ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆ ಬೇಡ.

ಗುಳೇದಗುಡ್ಡದವಳು:
ಅಣ್ಣ ಹೇಳಿದ್ದು ಸರಿಯಾಗಿದೆ, ಖಂಡಿತ ಕೇಳಿ.

ಇಳಕಲ್ ತಾಯಿ:
ಕೇಳಿದೆವು. ನಿನ್ನೆ ನಮ್ಮ ಸಭಾಪಾಲಕರು ಅಲ್ಲಿಯವರ ಜೊತೆ ವಿಡಿಯೊ ಕರೆ ಮಾಡಿಸಿದರು. ಮಗಳು ಇರಲಿರುವ ಮನೆಯ ಹೆಂಗಸು ಮಾತನಾಡಿದಳು. ಭಾಷೆ ತಿಳಿಯಲಿಲ್ಲ, ಆದರೆ ಫೋನ್ ಹಿಡಿದು ಮನೆಯೆಲ್ಲ ತೋರಿಸಿದಳು. ಹಾಸಿಗೆ, ಅದರ ಮೇಲೆ ಸೊಳ್ಳೆ ಪರದೆ, ಬಾಗಿಲ ಪಕ್ಕದಲ್ಲಿ ಕಟ್ಟಿಟ್ಟ ಒಂದು ಚೀಲ. ಅದು ಏನು ಎಂದು ನಾನು ಕೇಳಿಸಿದೆ. ಹೊರಡಬೇಕಾದರೆ ಎತ್ತಿಕೊಳ್ಳುವ ಚೀಲವಂತೆ. ಅದರ ಪಕ್ಕದ ಖಾಲಿ ಮೊಳೆಯನ್ನು ತೋರಿಸಿ ಮಗಳ ಹೆಸರು ಹೇಳಿದಳು.

ಅವಳ ಅಪ್ಪ ಇಂದು ಬೆಳಿಗ್ಗೆಯಿಂದ ಮಗ್ಗಕ್ಕೆ ಕುಳಿತಿದ್ದಾರೆ. ಆ ಹೆಂಗಸಿಗೆ ಒಂದು ಸೀರೆ ಮುಗಿಸಬೇಕಂತೆ. ತಂಗಿ, ಖಡಕ್ ರೊಟ್ಟಿ ಕಟ್ಟಿ ಕೊಡಬಹುದೇ? ಶೇಂಗಾ ಚಟ್ನಿ?

ಗುಳೇದಗುಡ್ಡದವಳು:
ಎರಡನ್ನೂ ಕಟ್ಟಿ ಅಕ್ಕ, ಆದರೆ ತಿನಿಸು ಇದೆ ಎಂದು ಅಲ್ಲಿ ಇಳಿಯುವಾಗ ಅಧಿಕಾರಿಗಳಿಗೆ ತಿಳಿಸಲು ಹೇಳಿ, ತೆಗೆದಿಟ್ಟುಕೊಂಡರೆ ಬೇಸರಪಡಬಾರದು. ಕಾಳು, ಬೀಜ ಬೇಡ. ಬಿಗಿಯಾಗಿ ಕೂರುವ ಮಾಸ್ಕ್ ಒಂದು ಡಬ್ಬಿ, ಸುತ್ತ ಮುಚ್ಚಿರುವ ಕನ್ನಡಕ ಒಂದು. ಬೂದಿ ಬೀಳತೊಡಗಿದ ತಕ್ಷಣ ಮಾಡಿನ ನೀರು ತೊಟ್ಟಿಗೆ ಇಳಿಯುವ ಕೊಳವೆಯನ್ನು ಬಿಚ್ಚಬೇಕು, ಇಲ್ಲದಿದ್ದರೆ ಕುಡಿಯುವ ನೀರು ಕೆಡುತ್ತದೆ. ಮಾಡಿನ ಮೇಲೆ ಅವಳು ಹತ್ತಬಾರದು, ಆ ಬೂದಿ ಜಾರುತ್ತದೆ. ಸೀರೆ ಮುಗಿದ ಮೇಲೆ ಸೆರಗಿನ ಒಂದು ಫೋಟೋ ಹಾಕಿ.